ಮೇಜಿನ ಮೇಲೆ ರಾಯಚೂರು ಯುದ್ಧ: ಗುಡ್ಡ, ಗೋಡೆ, ಬಯಲು ಮಾಡುವುದು ಹೇಗೆ?

ಪ್ರಶ್ನೆ, ಬಳ್ಳಾರಿಯಿಂದ:
ನಾವು ನಾಲ್ಕು ಜನ ಗೆಳೆಯರು ಸೇರಿ ಮೇಜಿನ ಮೇಲೆ ಯುದ್ಧದ ಆಟ ಆಡುತ್ತೇವೆ. ಪುಟ್ಟ ಸೈನಿಕರು, ದಾಳ, ಅಳತೆ ಟೇಪು, ನಿಯಮದ ಪುಸ್ತಕ, ಇಷ್ಟೇ ಸಾಮಾನು. ಇಲ್ಲಿವರೆಗೆ ಪುಸ್ತಕ ಜೋಡಿಸಿ ಅದನ್ನೇ ಗುಡ್ಡ ಅಂದುಕೊಳ್ಳುತ್ತಿದ್ದೆವು. ಈಗ 1520ರ ರಾಯಚೂರು ಯುದ್ಧ ಆಡುವ ಆಸೆ. ಬಂಡೆಗುಡ್ಡ, ಕೋಟೆ ಗೋಡೆ ಎಲ್ಲ ನಾವೇ ಮಾಡಬೇಕು. ಯಾವ ಅಳತೆ ಹಿಡಿಯುವುದು? ಇಲ್ಲೇ ಸಿಗುವ ಸಾಮಾನಿನಲ್ಲಿ ಆಗುತ್ತದಾ? ಮಾಡಿದವರು ಹೇಳಿ.

ರಾಯಚೂರಿನಿಂದ:
ಮೊದಲು ಅಳತೆ ತೀರ್ಮಾನ ಮಾಡಿ, ಸಾಮಾನು ಆಮೇಲೆ ತನ್ನಿ. 28 ಮಿ.ಮೀ. ಎತ್ತರದ ಸೈನಿಕರು ನೋಡೋಕೆ ಚೆಂದ. ಆದರೆ ಅದು ಹೆಚ್ಚುಕಡಿಮೆ 1:56, ಅಂದರೆ ನಿಜದ ಅಳತೆಯ 56ರಲ್ಲಿ ಒಂದು ಪಾಲು. ಹತ್ತು ಮೀಟರ್ ಗೋಡೆ ಅಂದರೆ ಸುಮಾರು 18 ಸೆಂ.ಮೀ. ಎತ್ತರ ಬೇಕು, ಮೇಜೆಲ್ಲ ಗೋಡೆಯೇ ಆಗುತ್ತದೆ. 15 ಮಿ.ಮೀ. ಹಿಡಿದರೆ 1:100. ಒಂದು ಮೀಟರಿಗೆ ಒಂದು ಸೆಂ.ಮೀ., ಲೆಕ್ಕವೂ ಸುಲಭ. ಕೋಟೆ ಇರುವ ಆಟಕ್ಕೆ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ವಿಷಯ. ಈ ಯುದ್ಧಕ್ಕೆ ಎರಡು ಬೇರೆ ಬೇರೆ ಮೇಜು ಬೇಕಾಗುತ್ತದೆ. ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಕೃಷ್ಣಾ ನದಿ ದಾಟಿ ಬಂದ. ದೊಡ್ಡ ಕಾಳಗ ನಡೆದದ್ದು ಬಯಲಲ್ಲಿ. ಅದನ್ನು ಗೆದ್ದ ಮೇಲೆ ರಾಯ ಮತ್ತೆ ಕೋಟೆ ಕಡೆ ತಿರುಗಿದ. ಬಯಲಿನ ಮೇಜಿಗೆ ಖರ್ಚು ಕಡಿಮೆ, ಅದನ್ನೇ ಮೊದಲು ಮಾಡಿ ಆಡಲು ಶುರು ಮಾಡಿ.

ಕೋಟೆ ಮಾಡುವಾಗ ಗೋಡೆಯ ಒಂದು ತುಂಡನ್ನಾದರೂ ಬಿಡಿಸಿ ತೆಗೆಯುವಂತೆ ಮಾಡಿ. ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿರುವಂತೆ, ರಾಯನ ಸೈನಿಕರು ಗುದ್ದಲಿ, ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಗೋಡೆ ಮೇಲೆ ತಲೆ ಎತ್ತಿದವರನ್ನು ಪೋರ್ಚುಗೀಸ್ ಬಂದೂಕುಗಾರರು ಹೊಡೆಯುತ್ತಿದ್ದರು. ಈ ಆಟದ ಜೀವ ಇರುವುದೇ ಅಲ್ಲಿ. ಕಲ್ಲುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಅಂಟು ಹಾಕದೆ ಸುಮ್ನೆ ಜೋಡಿಸಿಡಿ. ಸರದಿಗೆ ಇಷ್ಟು ಕಲ್ಲು ಅಂತ ಕೀಳಬಹುದು. ಒಮ್ಮೆ ಬಂದು ನಮ್ಮ ಕೋಟೆ ನೋಡಿ ಹೋಗಿ. ಒಳಗೋಡೆಯ ದೊಡ್ಡ ದೊಡ್ಡ ಕಲ್ಲುಗಳು ಗಾರೆ ಇಲ್ಲದೆ ಕೂತಿವೆ. 1294ರ ಶಾಸನ ಇರುವ ಕಲ್ಲು ಸುಮಾರು 41 ಅಡಿ ಉದ್ದ. 1:100 ಅಳತೆಯಲ್ಲಿ ಅದೊಂದೇ 12.5 ಸೆಂ.ಮೀ. ಅಂದರೆ ಎಲ್ಲ ಕಲ್ಲನ್ನೂ ಇಟ್ಟಿಗೆ ತರಹ ಒಂದೇ ಸೈಜಿಗೆ ಕೊರೆಯಬೇಡಿ.

ಬಳ್ಳಾರಿಯಿಂದ, ಗಣೇಶನ ಮಂಟಪ ಮಾಡುವ ಒಬ್ಬರು:
ತಮ್ಮಾ, ಬಂಡೆ ಮಾಡೋಕೆ ಮೊದಲು ಬಂಡೆ ನೋಡಬೇಕು. ಮನೆಯಿಂದ ಹೊರಗೆ ಬಂದರೆ ಗುಡ್ಡ ಕಾಣುತ್ತದಲ್ವಾ? ನಮ್ಮ ಕಡೆ ಬಂಡೆಗಳ ಅಂಚು ದುಂಡಗೆ, ಆದರೆ ಬಿರುಕು ನೇರ. ಅದಕ್ಕೇ ಜಲ್ಲಿಕಲ್ಲು ತಂದು ಅಂಟಿಸಿದರೆ ಒಪ್ಪುವುದಿಲ್ಲ, ಅದು ಒಡೆದ ಕಲ್ಲು, ಮೊನಚು ಜಾಸ್ತಿ.

ಥರ್ಮಾಕೋಲನ್ನು ದೊಡ್ಡ ತುಂಡುಗಳಾಗಿ ಕತ್ತರಿಸಿ ಮೂಲೆ ಉಜ್ಜಿ ದುಂಡಗೆ ಮಾಡಿ. ಬಿಸಿ ತಂತಿಯಲ್ಲಿ ಕತ್ತರಿಸುವುದಾದರೆ ಬಾಗಿಲು, ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ. ಮೇಲೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹೊದಿಸಿ. ಒಣಗಿದ ಮೇಲೆ ತೆಳುವಾಗಿ ಗೋಡೆ ಪುಟ್ಟಿ ಬಳಿಯಿರಿ. ಪುಟ್ಟಿ ಹಸಿ ಇರುವಾಗ ಅಡುಗೆಮನೆಯ ಫಾಯಿಲ್ ಉಂಡೆ ಕಟ್ಟಿ ಒತ್ತಿದರೆ ಕಲ್ಲಿನ ತರಿ ಬರುತ್ತದೆ. ಡಬ್ಬಿ ಸ್ಪ್ರೇಯನ್ನು ಬರೀ ಥರ್ಮಾಕೋಲ್ ಮೇಲೆ ಹೊಡೆಯಲೇಬೇಡಿ, ಅದರ ಸಾಲ್ವೆಂಟ್ ಥರ್ಮಾಕೋಲನ್ನು ಕರಗಿಸುತ್ತದೆ.

ಬಣ್ಣಕ್ಕೆ ಬೂದು ಡಬ್ಬಿ ತರಬೇಡಿ. ನಮ್ಮ ಬಂಡೆಯಲ್ಲಿ ಕಂದು ಇದೆ, ಸ್ವಲ್ಪ ಗುಲಾಬಿ ಇದೆ. ಗೋಡೆಯ ಎಮಲ್ಷನ್ ಬಿಳಿ ತಂದು, ಅದಕ್ಕೆ ಬಣ್ಣ ಕೊಡುವ ಸ್ಟೇನರ್ ಹಾಕಿ ನೀವೇ ಕಲಸಿ. ಒಣಗಿದ ಮೇಲೆ ಬ್ರಷ್‌ನ ಬಣ್ಣ ಬಟ್ಟೆಗೆ ಒರೆಸಿ, ಬಹುತೇಕ ಒಣ ಬ್ರಷ್‌ನಿಂದ ತಿಳಿ ಬಣ್ಣ ಸವರಿ. ಉಬ್ಬಿದ ಕಡೆ ಮಾತ್ರ ಹಿಡಿಯುತ್ತದೆ. ಕೊನೆಗೆ ಮೇಲಿನಿಂದ ಕೆಳಕ್ಕೆ ತೆಳ್ಳನೆ ಕಪ್ಪು ಗೆರೆ ಇಳಿಸಿ. ಮಳೆನೀರು ಹರಿದ ಆ ಕಪ್ಪು ಕಲೆ ಬಿದ್ದರೆ ನೋಡಿದವರು ಬಳ್ಳಾರಿ ಗುಡ್ಡ ಅಂತಲೇ ಅನ್ನುತ್ತಾರೆ.

ಎತ್ತರವನ್ನು ಅಂದಾಜಿಗೆ ಬಿಡಬೇಡಿ. ಕುಂಬಾರ ಗುಡ್ಡ ನಮ್ಮ ಕೋಟೆಗಿಂತ ಎತ್ತರ ಅಂತ ತಡವಾಗಿ ತಿಳಿದು, ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ್ನು ಹೈದರಾಲಿ ಗಲ್ಲಿಗೇರಿಸಿದ ಅಂತ ಊರಲ್ಲಿ ಕಥೆಯೇ ಇದೆ. ಯಾವ ಗುಡ್ಡದಿಂದ ಯಾವುದು ಕಾಣುತ್ತದೆ ಅನ್ನುವುದೇ ಆಟದಲ್ಲಿ ದೊಡ್ಡ ಜಗಳ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿ. 15 ಮಿ.ಮೀ. ಸೈನಿಕರ ತಳಹಲಗೆ ಸಾಮಾನ್ಯವಾಗಿ 40 ಮಿ.ಮೀ. ಅಗಲ ಇರುತ್ತದೆ, ಆದ್ದರಿಂದ ಪ್ರತಿ ಮೆಟ್ಟಿಲು 5 ಸೆಂ.ಮೀ. ಆದರೂ ಸಮತಟ್ಟು ಇರಲಿ. ಇಲ್ಲದಿದ್ದರೆ ಆನೆ, ಕುದುರೆ ಎಲ್ಲ ಜಾರಿ ಬೀಳುತ್ತವೆ.

ಕೊಪ್ಪಳದಿಂದ, ಚಿತ್ರಕಲೆ ಕಲಿಸುವ ಅಕ್ಕ:
ಪುಟ್ಟಿ ದಪ್ಪ ಆದರೆ ಬಿರುಕು ಬಿಡುತ್ತದೆ. ನಮ್ಮ ಕಿನ್ನಾಳದ ಚಿತ್ರಗಾರರು ಬೊಂಬೆಗೆ ಬಳಸುವ ಕಿಟ್ಟ ನೋಡಿ. ಗೋಣಿನಾರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಜೊತೆ ಕಲಸುತ್ತಾರೆ. ನಾರು ಇರುವುದರಿಂದ ಹಿಡಿತ ಚೆನ್ನಾಗಿರುತ್ತದೆ. ನಾನು ಅದೇ ದಾರಿಯಲ್ಲಿ, ಹುಣಸೆ ಅಂಟಿನ ಬದಲು ಫೆವಿಕಾಲ್ ಹಾಕಿ ಮಕ್ಕಳ ಕೈಯಲ್ಲಿ ಗುಡ್ಡ ಮಾಡಿಸುತ್ತೇನೆ. ಹಗುರ ಇರುತ್ತದೆ, ಕೆಳಗೆ ಬಿದ್ದರೂ ಸುಲಭಕ್ಕೆ ಚೂರಾಗುವುದಿಲ್ಲ. ಈ ಕೈಕೆಲಸ ನಮ್ಮ ಜಿಲ್ಲೆಯಲ್ಲೇ ಇದೆ, ಕಿನ್ನಾಳಕ್ಕೆ ಹೋಗಿ ಕಣ್ಣಾರೆ ನೋಡಿ, ಒಂದು ಬೊಂಬೆಯನ್ನೂ ಕೊಂಡು ಬನ್ನಿ.

ಫಿರಂಗಿ ಎಳೆಯುವ ಎತ್ತುಗಳೂ ಬೇಕಲ್ವಾ? ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಹಾಗೇ ಎರೆಮಣ್ಣಲ್ಲಿ ಪುಟ್ಟದಾಗಿ ಮಾಡಿ. ಸ್ವಲ್ಪ ಹತ್ತಿ ಎಳೆ ಸೇರಿಸಿ, ನೆರಳಲ್ಲಿ ಒಣಗಿಸಿ. ಕೊಂಬಿಗೆ ತೆಳು ತಂತಿ ಸಾಕು.

ಸಿಂಧನೂರಿನಿಂದ:
ಒಂದು ಮಾತು ಮಾತ್ರ. ಬಯಲಿಗೆ ಬಳ್ಳಾರಿ ಜಾಲಿ ಹಾಕಬೇಡಿ. ಅದು ಅಮೆರಿಕದ ಗಿಡ, ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ. 1520ರಲ್ಲಿ ಇರಲಿಲ್ಲ. ಕರಿಜಾಲಿ, ಬೇವು, ಹುಣಸೆ ಇರಲಿ. ಹಸಿರು ಭತ್ತದ ಗದ್ದೆಯೂ ಬೇಡ. ತುಂಗಭದ್ರಾ ಕಾಲುವೆ ನೀರು ಈ ಕಡೆ ಬಂದದ್ದು ಈಚೆಗೆ, ಯುದ್ಧ ನಡೆದದ್ದು ಬೇಸಿಗೆಯಲ್ಲಿ. ಜರಡಿ ಹಿಡಿದ ಎರೆಮಣ್ಣು, ಅಲ್ಲಲ್ಲಿ ಒಣಹುಲ್ಲಿನ ಬಣ್ಣ ಹಾಕಿದ ಮರದ ಹೊಟ್ಟು, ಅಷ್ಟು ಸಾಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. 15 ಮಿ.ಮೀ. ಅಂತ ತೀರ್ಮಾನ ಆಯಿತು. ಮೇಜು ಗೆಳೆಯನ ಮನೆಯಲ್ಲಿದೆ. ಇದನ್ನೆಲ್ಲ ಬೈಕಿನಲ್ಲಿ ಒಯ್ಯುವುದು ಹೇಗೆ?

ಗಂಗಾವತಿಯಿಂದ:
ಬಯಲನ್ನು ಎರಡಡಿ ಚೌಕದ ಹಲಗೆಗಳಾಗಿ ಮಾಡಿ. ಆರು ಹಲಗೆ ಸೇರಿದರೆ 6×4 ಅಡಿ ಮೇಜು. ತೆಳು ಪ್ಲೈವುಡ್‌ನ ಒಂದೇ ಮುಖಕ್ಕೆ ಅಂಟು ಬಳಿದರೆ ಒಣಗುವಾಗ ಬಾಗುತ್ತದೆ, ಹಿಂಬದಿಗೂ ಒಂದು ಕೋಟ್ ಬಣ್ಣ ಕೊಡಿ. ಗುಡ್ಡಗಳನ್ನು ಹಲಗೆಗೆ ಅಂಟಿಸದೆ ಬೇರೆ ಇಡಿ, ಆಟಕ್ಕೊಂದು ನೆಲ ಬದಲಾಯಿಸಬಹುದು. ಸೈನಿಕರನ್ನು ಪಿಎಲ್‌ಎ ಅನ್ನುವ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿಸಿದರೆ ನಮ್ಮ ಮೇ ತಿಂಗಳಲ್ಲಿ ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಈಟಿಗಳೆಲ್ಲ ಬಾಗುತ್ತವೆ. ಈಟಿಗೆ ಪೊರಕೆಕಡ್ಡಿಯನ್ನೋ ಸ್ಟೀಲ್ ತಂತಿಯನ್ನೋ ಹಾಕಿ.