ಸೈಕ್ಲೋಕ್ರಾಸ್: ಮೊದಲ ಸ್ಪರ್ಧೆಗೆ ತಯಾರಿ ಹೇಗೆ?

ಪ್ರಶ್ನೆ (ಮಂಡ್ಯ): ನಾಲೆಯ ಏರಿಯ ಮೇಲೆ ದಿನವೂ ಸೈಕಲ್ ತುಳಿಯುತ್ತೇನೆ. ಕೆಸರು, ಹುಲ್ಲು, ಅಡೆತಡೆಗಳ ಹಾದಿಯಲ್ಲಿ ನಡೆಯುವ ಸೈಕಲ್ ರೇಸ್ ಆದ ಸೈಕ್ಲೋಕ್ರಾಸ್‌ನಲ್ಲಿ ಸ್ಪರ್ಧಿಸುವ ಆಸೆ. ಎಲ್ಲಿಂದ ಆರಂಭಿಸಲಿ?

ಉತ್ತರ (ಮೈಸೂರು): ಕೆಳಗಿಳಿಯುವುದರಿಂದಲೇ ಆರಂಭಿಸಿ! ಓಡುವ ಸೈಕಲ್‌ನಿಂದ ಎಡಕ್ಕೆ ಇಳಿದು, ಅದನ್ನೆತ್ತಿ ಹಾದಿಗೆ ಅಡ್ಡ ನಿಲ್ಲಿಸಿದ ಹಲಗೆ ದಾಟಿ, ಮತ್ತೆ ಹತ್ತುವುದನ್ನು ಲಿಂಗಾಂಬುಧಿ ಕೆರೆಯ ಬಳಿಯ ಖಾಲಿ ನಿವೇಶನವೊಂದರಲ್ಲಿ ಎರಡು ತಿಂಗಳು ಕಲಿತೆ. ಚೈನ್ ಬಲಕ್ಕಿರುತ್ತದೆ, ಅದಕ್ಕೇ ಎಡಕ್ಕೆ ಇಳಿಯುವುದು. ಸ್ಪರ್ಧೆಯ ಹಲಗೆ 40 ಸೆಂಟಿಮೀಟರ್‌ವರೆಗೂ ಎತ್ತರವಿರುತ್ತದೆ. ನೀವು ಒಂದು ಇಟ್ಟಿಗೆಯಿಂದ ಶುರು ಮಾಡಿ.

ಪ್ರಶ್ನೆ ಕೇಳಿದವರು: ಟೈರಿನ ಗಾಳಿ ಎಷ್ಟಿರಬೇಕು ಸರ್?

ಉತ್ತರ (ಮೈಸೂರು): ರಸ್ತೆಗೆ ತುಂಬುವಷ್ಟು ಬೇಡವೇ ಬೇಡ. ಕಬ್ಬಿನ ಗದ್ದೆಯ ಕೆಸರಿನಲ್ಲಿ ಗಟ್ಟಿ ಟೈರು ಜಾರುತ್ತದೆ. ರಿಮ್ ಕಲ್ಲಿಗೆ ಬಡಿಯದ ಮಟ್ಟಕ್ಕೆ ಇಳಿಸಿ.

ಮತ್ತೊಬ್ಬರು (ಶ್ರೀರಂಗಪಟ್ಟಣ): ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ. ಆದರೆ ಅಭ್ಯಾಸಕ್ಕೆ ಈಗಿರುವ ಸೈಕಲ್ಲೇ ಸಾಕು, ಹೊಸದಕ್ಕೆ ದುಡ್ಡು ಸುರಿಯಬೇಡಿ.