ಪದ ಬೇಕು: ಕಬ್ಬಿಣದ ತೋಪಡದ ಭಾಗಗಳಿಗೆ (ಗುರುವಾರ ಸಂಜೆಯೊಳಗೆ)

ಸರಸ್ವತಿಪುರಂನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ.

ನಮ್ಮ ತಾತ ಮರಗೆಲಸದವರು. ಅವರ ಹತಾರದ ಪೆಟ್ಟಿಗೆ ಅಟ್ಟದ ಮೇಲೆ ಬಿದ್ದಿತ್ತು. ಮೊನ್ನೆ ಇಳಿಸಿದೆ. ಒಳಗೆ ಒಂದು ಕಬ್ಬಿಣದ ತೋಪಡ (ಮರ ಕೀಸಿ ನಯ ಮಾಡುವ ಹತಾರ) ಸಿಕ್ಕಿತು. ಸ್ಟ್ಯಾನ್ಲಿ ಕಂಪನಿಯ 5ನೇ ನಂಬರಿನದು. 14 ಇಂಚು ಉದ್ದ, ಅಲಗು 2 ಇಂಚು ಅಗಲ. ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿ ಉಜ್ಜಿ ತುಕ್ಕು ಬಿಡಿಸಿದ್ದಾಯಿತು. ತಿರುಪುಗಳು ಮೂರು ದಿನ ಸೀಮೆಎಣ್ಣೆಯಲ್ಲಿ ಕೂತ ಮೇಲೆ ಬಿಟ್ಟವು. ಹಿತ್ತಾಳೆಯ ಚಕ್ರ ಮಾತ್ರ ಜಗ್ಗಲಿಲ್ಲ. ಅದರ ಥ್ರೆಡ್ಡು ಉಲ್ಟಾ ಅಂತ ತಿಳಿಯುವ ಹೊತ್ತಿಗೆ ನನ್ನ ಕೈ ಬೊಬ್ಬೆ ಬಂದಿತ್ತು.

ಎರಡು ಭಾಗ ಕಳೆದುಹೋಗಿವೆ. ಒಂದು, ಅಲಗನ್ನು ಮೇಲಿಂದ ಅದುಮಿ ಹಿಡಿಯುವ ಲಿವರ್ ಕ್ಯಾಪ್. ಇದಕ್ಕೆ ಗುಜರಿಯಲ್ಲಿ 4ನೇ ನಂಬರಿನದೊಂದು ಸಿಕ್ಕಿತು. ಅದರ ಅಲಗೂ 2 ಇಂಚೇ ಆದ್ದರಿಂದ ಸರಿಯಾಗಿ ಕೂತಿತು. ಇನ್ನೊಂದು ಚಿಪ್ ಬ್ರೇಕರ್, ಅಲಗಿನ ಬೆನ್ನಿಗೆ ತಿರುಪು ಹಾಕಿ ಕಟ್ಟುವ ಬಾಗಿದ ಪಟ್ಟಿ. ಅದು ಇನ್ನೂ ಸಿಕ್ಕಿಲ್ಲ. ಅದಿಲ್ಲದೆ ಆಳ ಹೆಚ್ಚುಕಮ್ಮಿ ಮಾಡುವ ಚಕ್ರವೂ ಸುಮ್ನೆ ತಿರುಗುತ್ತದೆ, ಯಾಕೆಂದರೆ ಚಕ್ರದ ಕೊಕ್ಕೆ ಹಿಡಿಯುವುದು ಆ ಪಟ್ಟಿಯ ತೂತನ್ನೇ.

ಶನಿವಾರ ನಮ್ಮ ಬಡಾವಣೆಯ ಶಾಲೆಯಲ್ಲಿ ಹಳೆ ಹತಾರಗಳನ್ನು ಇಡುತ್ತಿದ್ದಾರೆ. ತಾತನ ಕಾಲದ್ದು ಯಾವುದು, ನಾನು ಸೇರಿಸಿದ್ದು ಯಾವುದು, ಇಲ್ಲದ್ದು ಯಾವುದು ಅಂತ ಬೋರ್ಡಿನಲ್ಲಿ ಬರೆಸಬೇಕು. ಪೇಂಟರು ಗುರುವಾರ ಸಂಜೆಗೆ ಮ್ಯಾಟರ್ ಕೇಳಿದ್ದಾರೆ. ನಾಲ್ಕು ಪದ ಕೊಡಿ: ಇಡೀ ಹತಾರಕ್ಕೆ, ಲಿವರ್ ಕ್ಯಾಪಿಗೆ, ಚಿಪ್ ಬ್ರೇಕರಿಗೆ, ಮತ್ತೆ ಅಲಗು 45 ಡಿಗ್ರಿಗೆ ಒರಗಿ ಕೂರುವ ಫ್ರಾಗಿಗೆ. ತೋಪಡ ಅಂತಲೇ ಬರೆಸಬಹುದಲ್ವಾ?

ಕುವೆಂಪುನಗರದಿಂದ:

ಬರೆಸಬಾರದು. ಒಳ್ಳೆಯ ಕನ್ನಡ ಪದ ಇರುವಾಗ ಯಾಕೆ? ಕೀಸುಳಿ. ಕೀಸು + ಉಳಿ. ಕೀಸುವ ಉಳಿ. ಹಳೆಯ ನಿಘಂಟುಗಳಲ್ಲಿದೆ. ತಮಿಳರು ಇವತ್ತಿಗೂ ಇಳೈಪ್ಪುಳಿ ಅನ್ನುತ್ತಾರೆ, ಅದರಲ್ಲೂ ಇರುವುದು ಇದೇ ಉಳಿ. ಈ ಹತಾರ ನಿಜಕ್ಕೂ ಏನು ಅಂತ ಆ ಪದವೇ ಹೇಳುತ್ತದೆ: ಮರದ ಮೈಯಲ್ಲಿ ಕೂರಿಸಿದ ಅಗಲ ಉಳಿ. ಇದಕ್ಕಿಂತ ಚೊಕ್ಕ ಪದ ಇನ್ನೊಂದಿಲ್ಲ.

ಉಳಿದವು: ಲಿವರ್ ಕ್ಯಾಪ್ = ಅದುಮುಗ. ಚಿಪ್ ಬ್ರೇಕರ್ = ಹೆರೆಮುರಿಕ (ಹೆರೆ ಅಂದರೆ ಕೀಸುವಾಗ ಏಳುವ ಮರದ ತೆಳು ಸಿಪ್ಪೆ). ಫ್ರಾಗ್ = ಒರಗು. ಹಾಗೇ ‘ಹತಾರ’ವನ್ನೂ ಬಿಡಿ, ಅದು ಹಿಂದಿ. ‘ಹಳೆಯ ಮುಟ್ಟುಗಳು’ ಅನ್ನಿ.

ಮದ್ದೂರಿನಿಂದ:

ಸಾರ್, ಆ ಬೋರ್ಡನ್ನ ಶಾಲೆ ಗೇಟಿಗೆ ನೀವೇ ನಿಂತು ಹಾಕಿಸಿ. ‘ಹಳೆಯ ಮುಟ್ಟುಗಳ ಪ್ರದರ್ಶನ’. ಹೆಡ್‌ಮೇಡಂ ಏನಂತಾರೆ ನೋಡೋಣ.

ಕೀಸುಳಿ ಅನ್ನೋದನ್ನ ನಾನು ಯಾವ ಆಚಾರ್ರ ಬಾಯಲ್ಲೂ ಕೇಳಿಲ್ಲ. ನಮ್ಮೂರಲ್ಲಿ ಗಾಡಿ ಕೆಲಸದೋರ ಜಗುಲಿಯಲ್ಲೇ ನಾನು ಬೆಳೆದಿದ್ದು. ಅವರು ಹೇಳ್ತಿದ್ದಿದ್ದು ತೋಪ್ಡ. ಜಾಲಿ ಮರದ ಮೈ, ನಡುವೆ ಬಾಯಿ, ಬಾಯೊಳಗೆ ಅಲಗು, ಅಲಗಿಗೆ ಬೆಣೆ. ಅಲಗು ತೆಗೀಬೇಕಾದ್ರೆ ಮೈಯ ಹಿಂಬದಿಗೆ ಸುತ್ತಿಗೇಲಿ ಒಂದೇ ಏಟು, ಬೆಣೆ ಸಡಿಲ ಆಗ್ತಿತ್ತು. ನಿಮ್ಮ ಲಿವರ್ ಕ್ಯಾಪು ಮಾಡೋದೂ ಬೆಣೆ ಕೆಲಸಾನೇ. ‘ಬೆಣೆ’ ಅಂತ ಬರೆಸಿ, ಮುಗೀತು. ಅದುಮುಗ ಅಂದ್ರೆ ಯಾವುದೋ ಹಾವಿನ ಹೆಸರಿದ್ದಂಗಿದೆ.

ಹೂಟಗಳ್ಳಿಯಿಂದ:

ಬೆಣೆ ತಪ್ಪು. ನಾನು ಮೆಷಿನ್ ಶಾಪಿನಲ್ಲಿ ಇದ್ದವನು, ಅದಕ್ಕೇ ಹೇಳುತ್ತಿದ್ದೇನೆ. ಬೆಣೆ ಬಿಗಿ ಹಿಡಿಯುವುದು ತನ್ನ ಆಕಾರದಿಂದ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಹೊಡೆದಷ್ಟೂ ಬಿಗಿ. ಲಿವರ್ ಕ್ಯಾಪು ನಡುವೆ ಇರುವ ತಿರುಪಿನ ಮೇಲೆ ತೂಗುತ್ತದೆ. ಹಿಂದಿನ ಸಣ್ಣ ಮೀಟನ್ನು ಮಡಚಿದಾಗ ಮುಂದಿನ ಅಂಚು ಅಲಗನ್ನು ಒತ್ತುತ್ತದೆ. ಬೆಣೆಯ ಕಾಟ ತಪ್ಪಿಸೋಕೇ ಇದು ಬಂದಿದ್ದು. ಲಿಯೊನಾರ್ಡ್ ಬೇಲಿ ಅನ್ನುವವನ ಪೇಟೆಂಟುಗಳನ್ನು ಸ್ಟ್ಯಾನ್ಲಿಯವರು 1869ರಲ್ಲಿ ಕೊಂಡರು. ಬೆಣೆ ಬೇಡ ಅಂತ ಮಾಡಿದ್ದಕ್ಕೇ ಬೆಣೆ ಅಂತ ಹೆಸರಿಡೋದು ಯಾವ ನ್ಯಾಯ?

ಚಿಪ್ ಬ್ರೇಕರ್ ಬಗ್ಗೆಯೂ ಒಂದು ಮಾತು. ಹೆಸರು ನೋಡಿ ಅನುವಾದ ಮಾಡಬೇಡಿ. ಅಲಗಿನ ಬಾಯಿಂದ ಅರ್ಧ ಮಿಲಿಮೀಟರ್ ಹಿಂದೆ ಅದರ ಅಂಚು ಕೂರಬೇಕು. ಎದ್ದು ಬರುವ ಹೆರೆಯನ್ನು ಅಲ್ಲೇ ಹಿಂದಕ್ಕೆ ಬಾಗಿಸುತ್ತದೆ. ಹಾಗೆ ಬಾಗಿಸದಿದ್ದರೆ ಹೆರೆ ಮುಂದೆ ಮುಂದೆ ಸೀಳಿಕೊಂಡು ಹೋಗಿ ಮರದ ಎಳೆ ಕಿತ್ತುಬರುತ್ತದೆ. ಬೀಟೆ, ಹಲಸಿನಂಥ ಎಳೆ ತಿರುಚಿದ ಮರದಲ್ಲಂತೂ ಇದಿಲ್ಲದೆ ನಯ ಬರುವುದು ಕಷ್ಟ. ಕೆಲಸ ಮುರಿಯುವುದಕ್ಕಿಂತ ಜಾಸ್ತಿ ಬಾಗಿಸುವುದು.

ಜಯಲಕ್ಷ್ಮೀಪುರಂನಿಂದ:

ಪಠ್ಯಗಳಲ್ಲಿ ಉಜ್ಜುಗೊರಡು ಅಂತಿದೆಯಲ್ಲ, ಅದು ಯಾರಿಗೂ ನೆನಪೇ ಇಲ್ಲವಾ? ನಮ್ಮ ಅತ್ತೆಯವರು ಮಲೆನಾಡಿನವರು, ಅವರ ಮನೆ ಕಡೆ ಹತ್ತರಿ ಅಂತಾರೆ. ಶಾಲೆಯ ಬೋರ್ಡಾದ್ದರಿಂದ ಮಕ್ಕಳಿಗೆ ಪುಸ್ತಕದ ಪದ ಇರಲಿ ಅಂತ ನನ್ನ ಅಭಿಪ್ರಾಯ.

ಕುವೆಂಪುನಗರದಿಂದ:

ಉಜ್ಜುಗೊರಡು ಕೂಡದು. ಕೊರಡು ಅಂದರೆ ಮರದ ತುಂಡು. ಇವರ ಕೈಲಿರುವುದು ಎರಕದ ಕಬ್ಬಿಣ. ಕಬ್ಬಿಣದ ಕೊರಡು ಅನ್ನುವುದು ಹಗಲಲ್ಲೇ ಕಾಣುವ ತಪ್ಪು. ಮೇಲಾಗಿ ಈ ಹತಾರ ಉಜ್ಜುವುದಿಲ್ಲ, ಕೀಸುತ್ತದೆ.

ಜಯಲಕ್ಷ್ಮೀಪುರಂನಿಂದ:

ಹಾಗಾದರೆ ಕೊಬ್ಬರಿ ಎಣ್ಣೆ ಅನ್ನುವುದನ್ನೂ ನಿಲ್ಲಿಸಿ ಸಾರ್. ಎಣ್ಣೆ ಅಂದರೆ ಎಳ್ಳಿನ ನೆಯ್. ಇವರು ತಿರುಪು ನೆನೆಹಾಕಿದ್ದು ಸೀಮೆಎಣ್ಣೆಯಲ್ಲಿ, ಅದರಲ್ಲಿ ಎಳ್ಳೆಷ್ಟಿದೆ? ನೀವೂ ಈಗ ‘ಈ ಹತಾರ’ ಅಂದಿರಿ. ಮುಟ್ಟು ಅನ್ನಲಿಲ್ಲ.

ಮದ್ದೂರಿನಿಂದ:

ಹೂಟಗಳ್ಳಿಯವರು ಹೇಳಿದ್ದು ಒಪ್ಪಿದೆ, ಬೆಣೆ ವಾಪಸ್ ತಗೊಂಡೆ. ಫ್ರಾಗಿಗೆ ಏನ್ಮಾಡೋಣ? ‘ಒರಗು’ ಬೇಡ. ನೇರವಾಗಿ ಕಪ್ಪೆ ಅಂದ್ರೆ ತಪ್ಪೇನು? ಬಂದೂಕಿನಲ್ಲಿ ನಾವು ಎಳೆಯೋದು ಕುದುರೆ. ವೀಣೆ ತಂತಿ ಕೂರೋದೂ ಕುದುರೆ ಮೇಲೆ. ತೋಪ್ಡದಲ್ಲಿ ಒಂದು ಕಪ್ಪೆ ಇದ್ರೆ ಯಾರ ಗಂಟೇನು ಹೋಗುತ್ತೆ?

ಹೂಟಗಳ್ಳಿಯಿಂದ:

ಆ ಕುದುರೆಗಳನ್ನು ಇಟ್ಟವರು ನಾವೇ, ಕಪ್ಪೆ ನಮ್ಮದಲ್ಲ. ಇಂಗ್ಲಿಷಿನವರು ಇಟ್ಟಿಗೆಯ ಮೇಲಿನ ಗುಂಡಿಗೂ ಫ್ರಾಗ್ ಅನ್ನುತ್ತಾರೆ, ಕುದುರೆ ಗೊರಸಿನ ಅಡಿಯ ಮೆತ್ತನೆ ಭಾಗಕ್ಕೂ ಫ್ರಾಗ್ ಅನ್ನುತ್ತಾರೆ. ಅವರ ಕಪ್ಪೆ ಅವರಿಗಿರಲಿ. ನಮ್ಮ ಅಡುಗೆಮನೆಯಲ್ಲೇ ಪದ ಇದೆ: ಮಣೆ. ಈಳಿಗೆಮಣೆಯಲ್ಲಿ ಅಲಗು ಕೂರುವುದು ಮಣೆಯ ಮೇಲೆ ತಾನೆ? ಇಲ್ಲೂ ಅಷ್ಟೇ.

ಸರಸ್ವತಿಪುರಂನಿಂದ:

ಮಣೆ ಬಹಳ ಚೆನ್ನಾಗಿದೆ. ತಗೊಂಡೆ. ಉಳಿದ ಮೂರು?

ಕುವೆಂಪುನಗರದಿಂದ:

ಹೇಳಿದ್ದಾಯಿತು. ನಿಮಗೆ ಬೇಕಿರುವುದು ಕನ್ನಡವೋ ಕಲಬೆರಕೆಯೋ, ಮೊದಲು ತೀರ್ಮಾನ ಮಾಡಿ. ತೋಪಡವನ್ನು ಇಟ್ಟುಕೊಂಡರೆ ನಾಳೆ ಮರಾಠಿಯವರ ರಂಧ ಬರುತ್ತದೆ, ಅದರ ಹಿಂದೆ ಪಾರ್ಸಿಯ ರಂದಾ. ಬಾಗಿಲು ತೆರೆದಿಟ್ಟರೆ ಯಾರು ಬೇಕಾದರೂ ಬರುತ್ತಾರೆ.

ಮದ್ದೂರಿನಿಂದ:

ಬರಲಿ ಬಿಡಿ ಸಾರ್, ಬಂದೋರಿಗೆ ಕೂರೋಕೆ ಕುರ್ಚಿ ಹಾಕೋಣ. ಅಯ್ಯೋ, ಕುರ್ಚಿ ಅರಬ್ಬಿ. ಅಲಮಾರು ಪೋರ್ಚುಗೀಸು. ಬೀರು ಫ್ರೆಂಚು. ಗರಗಸ ಕೂಡ ನಿಮ್ಮದಲ್ಲ, ಸಂಸ್ಕೃತದ ಕ್ರಕಚ. ಮರ ಕೊಯ್ಯೋಕೆ ಗರಗಸ ಆಗುತ್ತೆ, ಕೊಯ್ದ ಮರ ಕುರ್ಚಿ ಆಗುತ್ತೆ, ನಡುವೆ ಕೀಸೋಕೆ ಮಾತ್ರ ಅಚ್ಚಗನ್ನಡ ಬೇಕಾ?

ಕುವೆಂಪುನಗರದಿಂದ:

ಗರಗಸ ಕನ್ನಡದ ಬಾಯಲ್ಲಿ ಉರುಳಿ ಉರುಳಿ ಕನ್ನಡವಾಗಿದೆ. ಅದಕ್ಕೇ ತದ್ಭವ ಅನ್ನುವುದು. ವಾದಕ್ಕೆ ವಾದ ಬೇಡ.

ಮದ್ದೂರಿನಿಂದ:

ತೋಪ್ಡ ಉರುಳಿಲ್ವಾ? ನಮ್ಮ ಬಾಯಿ ಕನ್ನಡದ ಬಾಯಿ ಅಲ್ವಾ?

ಜಯಲಕ್ಷ್ಮೀಪುರಂನಿಂದ:

ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ಪಾಪ ಅವರು ಗುರುವಾರ ಅಂದಿದ್ದಾರೆ. ಇವತ್ತು ಬುಧವಾರ.

ಸರಸ್ವತಿಪುರಂನಿಂದ:

ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಒಂದು ಕೆಲಸ ಮಾಡಿದೆ. ತೋಪಡವನ್ನು ಚೀಲದಲ್ಲಿ ಹಾಕಿಕೊಂಡು ಮಂಡಿ ಮೊಹಲ್ಲಾ ಕಡೆ ಹೋದೆ. ಅಲ್ಲಿ ಬೀಟೆ ಮರದಲ್ಲಿ ಕೂರಿಸುವ ಚಿತ್ತಾರದ ಕೆಲಸ ಮಾಡುವ ಹಿರಿಯರೊಬ್ಬರು ನಮ್ಮ ತಂದೆಗೆ ಪರಿಚಯ. ಏನೂ ಹೇಳದೆ ಅವರ ಮುಂದಿಟ್ಟು, ಒಂದೊಂದೇ ಭಾಗ ತೋರಿಸಿ ಹೆಸರು ಕೇಳಿದೆ.

ಇಡೀದಕ್ಕೆ ‘ತೋಪಡ’. ಲಿವರ್ ಕ್ಯಾಪಿಗೆ ‘ಕ್ಯಾಪು’. ಅಲಗು ತೋರಿಸಿದ ಕೂಡಲೇ ಅವರೇ, “ಇದರ ಮೇಲಿನ ಬ್ಲೇಡ್ ಎಲ್ಲಿ? ಅದಿಲ್ಲದೆ ಏನು ಹೊಡೀತೀರಿ?” ಅಂತ ಕೇಳಿದರು. ಅಂದರೆ ಚಿಪ್ ಬ್ರೇಕರ್ ಅವರಿಗೆ ಮೇಲಿನ ಬ್ಲೇಡು. ಕೊನೆಗೆ ಫ್ರಾಗ್ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. “ಇದನ್ನ ನಾವು ಬಿಚ್ಚೋದೇ ಇಲ್ಲ. ಬಿಚ್ಚದೇ ಇರೋದಕ್ಕೆ ಹೆಸರು ಯಾಕೆ ಬೇಕು?” ಅಂದರು.

ಆಮೇಲೆ ಒಳಗೆ ಹೋಗಿ ಒಂದು ಡಬ್ಬ ತಂದರು. ಅದರೊಳಗೆ ತಿರುಪು, ಮುರಿದ ಉಳಿಗಳ ನಡುವೆ ಒಂದು ಮೇಲಿನ ಬ್ಲೇಡು ಇತ್ತು! 2 ಇಂಚಿನದೇ. ತುದಿ ಸ್ವಲ್ಪ ತಿಂದುಹೋಗಿತ್ತು, ಅವರೇ ಕಲ್ಲಿಗೆ ಹಿಡಿದು ಸರಿ ಮಾಡಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಚಕ್ರ ತಿರುಗಿಸಿದರೆ ಅಲಗು ಇಳಿಯುತ್ತದೆ. ಸಂಜೆ ಒಂದು ತೇಗದ ತುಂಡಿನ ಮೇಲೆ ಓಡಿಸಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆ ಬಂತು. ಹಾಗಾಗಿ ‘ಇಲ್ಲದ ಭಾಗಗಳು’ ಅನ್ನುವ ಸಾಲೇ ಬೋರ್ಡಿನಿಂದ ಹೋಯಿತು.

ಪೇಂಟರಿಗೆ ಕೊಟ್ಟಿದ್ದು ಇಷ್ಟು: ತೋಪಡ, ಕ್ಯಾಪು, ಮೇಲಿನ ಅಲಗು, ಮಣೆ. ಬ್ಲೇಡನ್ನು ಮಾತ್ರ ಅಲಗು ಮಾಡಿದ್ದೇನೆ, ಕುವೆಂಪುನಗರದವರಿಗೆ ಅಷ್ಟಾದರೂ ಸಮಾಧಾನವಾಗಲಿ ಅಂತ.

ಕುವೆಂಪುನಗರದಿಂದ:

ಆಗಿಲ್ಲ. ಮೂರು ಕನ್ನಡ ಪದಗಳ ನಡುವೆ ‘ಕ್ಯಾಪು’ ಅಂತ ಬರೆಸಿ ಮಕ್ಕಳಿಗೆ ತೋರಿಸುತ್ತೀರಿ.

ಮದ್ದೂರಿನಿಂದ:

ಮೂರು ಕನ್ನಡ ಪದ ಅಂದ್ರಿ ಸಾರ್. ಅದರಲ್ಲಿ ತೋಪ್ಡಾನೂ ಸೇರಿಕೊಳ್ತು, ಲೆಕ್ಕ ಹಾಕ್ಕೊಳ್ಳಿ. ಇನ್ನು ಕ್ಯಾಪು ಬೇಡ ಅನ್ನಿಸಿದ್ರೆ ಶನಿವಾರ ಬನ್ನಿ, ಪೇಂಟ್ ಒಣಗಿರುತ್ತೆ. ನಿಮ್ಮ ಕೀಸುಳಿ ತಂದು ಕೀಸಿ ಹಾಕಿ.