ಕಾಡು-ಹೊಳೆ ತಿರುಗುತ್ತಿದ್ದ ಅಪ್ಪನ ನೆನಪಿಗೆ ನೀವೆಲ್ಲ ಏನು ಮಾಡಿದಿರಿ?

ಕೇಳಿದವರು, ಶಿರಸಿ:

ಬರುವ ತಿಂಗಳು ಅಪ್ಪನ ವರ್ಷಾಂತಿಕ. ಮನೆಯ ಕಾರ್ಯ ಭಟ್ಟರು ನೋಡಿಕೊಳ್ಳುತ್ತಾರೆ, ಅದರ ಚಿಂತೆ ಇಲ್ಲ. ಆದರೆ ಅಪ್ಪ ಮನೆಯಲ್ಲಿ ಕೂತ ಜೀವ ಅಲ್ಲ. ಬೆಳಿಗ್ಗೆ ದೋಸೆ ತಿಂದು, ಎಲೆಯಡಿಕೆ ಕವಳ ಹಾಕಿ, ಕತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟರೆ ಹೊಳೆಯೋ ಬೆಟ್ಟವೋ, ಮತ್ತೆ ಕಾಣುತ್ತಿದ್ದುದು ಮಧ್ಯಾಹ್ನ ಎರಡಕ್ಕೆ. ಹೊಳೆಬದಿಯಲ್ಲಿ ಅಪ್ಪನ ಹೆಸರಿನ ಸಿಮೆಂಟ್ ಬೆಂಚು ಹಾಕಿಸೋಣ ಅನ್ನುತ್ತಾನೆ ತಮ್ಮ. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ. ಇಂಥ ಅಪ್ಪಂದಿರನ್ನು ಕಳೆದುಕೊಂಡವರು ಏನು ಮಾಡಿದಿರಿ, ಹೇಳ್ತೀರಾ?

ಸಿದ್ದಾಪುರದಿಂದ:

ಮೊದಲು ಬೆಂಚಿನ ವಿಷಯ. ಅದು ಅರಣ್ಯ ಇಲಾಖೆ ಜಾಗವಾದರೆ ಒಪ್ಪಿಗೆ ಇಲ್ಲದೆ ಏನೂ ಕಟ್ಟುವಂತಿಲ್ಲ. ಒಪ್ಪಿಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಎರಡು ಮಳೆಗಾಲಕ್ಕೆ ಪಾಚಿ ಹಿಡಿಯುತ್ತದೆ, ಮೂರನೆಯ ವರ್ಷ ಪಾರ್ಟಿ ಮಾಡುವವರು ಬಾಟಲಿ ಇಡುತ್ತಾರೆ. ಖಾರವಾಗಿ ಹೇಳಿದೆ, ಬೇಜಾರಾಗಬೇಡಿ ತಂಗಿ.

ನನ್ನ ಅಪ್ಪ ಹೋಗಿ ಆರು ವರ್ಷ. ಅಘನಾಶಿನಿ ದಂಡೆಯ ಮನುಷ್ಯ. ಅವರು ಇಲ್ಲ ಅನ್ನುವುದು ನನಗೆ ನಿಜವಾಗಿ ತಟ್ಟಿದ್ದು ಉಪ್ಪಿನಕಾಯಿಗೆ ಮಾವಿನ ಮಿಡಿ ಕೊಯ್ಯುವ ಕಾಲದಲ್ಲಿ. ಅಪ್ಪ ವರ್ಷಾ ವರ್ಷ ಕೊಯ್ಯುತ್ತಿದ್ದ ಅಪ್ಪೆಮಿಡಿ ಮಾವಿನ ಮರ 'ಗೌರಿಗುಂಡಿ ಆಚೆ' ಇದೆ ಅಂತ ಗೊತ್ತು. ಗೌರಿಗುಂಡಿ ಎಲ್ಲಿದೆ ಅಂತ ಗೊತ್ತಿಲ್ಲ! ನಲವತ್ತು ವರ್ಷ ಆ ಹೆಸರು ಕೇಳುತ್ತ ಬೆಳೆದವನು ನಾನು. ಕೊಕ್ಕೆ, ಚೀಲ ಹಿಡಿದು ಎರಡು ತಾಸು ಅಲೆದು ಬರಿಗೈಯಲ್ಲಿ ಬಂದೆ. ಆ ವರ್ಷ ಆಯಿ ಪೇಟೆಯ ಮಿಡಿಯನ್ನೇ ಉಪ್ಪಿಗೆ ಹಾಕಿದಳು. ಒಂದು ಮಾತೂ ಆಡಲಿಲ್ಲ.

ನಕ್ಷೆಯಲ್ಲಿ ನೋಡಿದರೆ ಅಘನಾಶಿನಿ ಅಂದರೆ ಶಿರಸಿಯ ಶಂಕರ ಹೊಂಡದ ಕಡೆಯಿಂದ ಹೊರಟು ತದಡಿಯ ಹತ್ತಿರ ಸಮುದ್ರ ಸೇರುವ ಒಂದು ನೀಲಿ ಗೆರೆ. ನಡುವೆ ಉಂಚಳ್ಳಿ ಜಲಪಾತ, 116 ಮೀಟರ್ ಎತ್ತರ. ಅಲ್ಲಿಗೆ ಮುಗಿಯಿತು. ಅಪ್ಪನ ಬಾಯಲ್ಲಿ ನಮ್ಮ ಮನೆ ಕೆಳಗಿನ ಅರ್ಧ ಮೈಲಿಗೇ ಹನ್ನೊಂದು ಹೆಸರು ಇದ್ದವು.

ಮರುವರ್ಷ ಅಪ್ಪನ ಜೊತೆ ತಿರುಗುತ್ತಿದ್ದ ಇಬ್ಬರು ಹಿರಿಯರನ್ನು ಕರೆದೆ. ಜಗಲಿಯಲ್ಲಿ ಕೂರಿಸಿ ಕೇಳಿದರೆ ಇಬ್ಬರಿಗೂ ಏನೂ ನೆನಪಾಗಲಿಲ್ಲ. "ಒಳ್ಳೆ ಮನುಷ್ಯ ಮಾರಾಯ" ಅಂದರು, ಕವಳದ ಸಂಚಿ ಬಿಚ್ಚಿದರು. ಹೊಳೆಗೆ ಇಳಿಸಿದ ಮೇಲೆ ನೋಡಬೇಕಿತ್ತು! ಒಂದೊಂದು ತಿರುವಿಗೂ ನಿಂತರು. ಗೌರಿಗುಂಡಿ ಇದಾ, ಅದಾ ಅಂತ ಇಬ್ಬರಿಗೂ ಜಗಳವೇ ಆಯಿತು. ನಡುವೆ ಒಂದು ಬಂಡೆ. ಅದರ ಅಂಚಿನಲ್ಲಿ ಗೇಣುದ್ದದ ತಗ್ಗು, ದೋಣಿಯ ಹಾಗೆ. "ನಿನ್ನಪ್ಪ ಕತ್ತಿ ಮಸೆದು ಮಸೆದು ಆಗಿದ್ದು ಇದು" ಅಂದರು. ಬೆರಳಾಡಿಸಿದೆ. ಸುತ್ತಲಿನ ಕಲ್ಲೆಲ್ಲ ತರಿತರಿ, ಅಷ್ಟೇ ಜಾಗ ಕನ್ನಡಿಯ ಹಾಗೆ ನುಣುಪು.

ಮರವೂ ಸಿಕ್ಕಿತು. ಮಿಡಿಯ ತೊಟ್ಟು ಮುರಿದು ಸೊನೆ ಮೂಸಿದೆ, ಅದೇ ಜೀರಿಗೆ ಪರಿಮಳ. ಹೊಳೆಯಂಚಿನ ಮರ, ಯಾವ ನೆರೆಗೆ ಹೋದೀತೋ ಹೇಳಲಾಗದು. ಹಾಗಾಗಿ ಕಡ್ಡಿ ತಂದು ಕಸಿ ಕಟ್ಟಿಸಿದೆ. ಓಟೆ (ಗೊರಟು) ನೆಟ್ಟರೆ ತಾಯಿಮರದ ಪರಿಮಳವೇ ಬಂದೀತು ಅಂತ ನೆಚ್ಚುವಂತಿಲ್ಲ, ಕಸಿಯೇ ಆಗಬೇಕು. ಐದರಲ್ಲಿ ಎರಡು ಬದುಕಿವೆ. ಅಪ್ಪನ ಹೆಸರಿನ ಬೋರ್ಡು ಗೀರ್ಡು ಏನೂ ಹಾಕಿಲ್ಲ.

ನೀವೂ ಹೊಳೆ ಇಳಿದಿರುವಾಗಲೇ ಹಿರಿಯರನ್ನು ಕರೆದುಕೊಂಡು ಹೋಗಿ. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಜೇಬಿಗೆ ಹಾಕಿ. ಎದುರಿಗೆ ಹಿಡಿದರೆ ಅವರು ಭಾಷಣ ಶುರು ಮಾಡುತ್ತಾರೆ. ಜಾಸ್ತಿ ದಿನ ಮುಂದೂಡಬೇಡಿ. ಆ ಇಬ್ಬರಲ್ಲಿ ಒಬ್ಬರು ಈಗ ಇಲ್ಲ.

ಕಾರವಾರದಿಂದ:

ನಮ್ಮ ಅಪ್ಪನದು ಕಾಡಲ್ಲ, ಕಾಳಿ ನದಿಯ ಅಳಿವೆ. ನೌಕರಿ ಬ್ಯಾಂಕಿನದು, ಪ್ರಾಣ ಗಾಳದ್ದು. ಗಡಿಯಾರ ನೋಡುತ್ತಿರಲಿಲ್ಲ, ತಿಥಿ ನೋಡುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು ದಿನ ಭರತ, ಅಂದರೆ ಉಬ್ಬರ, ಜೋರು, ಅಷ್ಟಮಿ ಆಸುಪಾಸಿಗೆ ಸಪ್ಪೆ. ನಿನ್ನೆ ಬಂದ ಹೊತ್ತಿಗಿಂತ ಇವತ್ತು ಸುಮಾರು 50 ನಿಮಿಷ ತಡ. ಇದನ್ನೆಲ್ಲ ಗೋಡೆ ಕ್ಯಾಲೆಂಡರಿನ ಮನೆಗಳೊಳಗೆ ಪೆನ್ಸಿಲಿನಲ್ಲಿ ಗೀಚುತ್ತಿದ್ದರು, ಪಕ್ಕದಲ್ಲಿ ಅವತ್ತು ಸಿಕ್ಕ ಮೀನು. ಏನೂ ಸಿಗದಿದ್ದರೆ ಒಂದು ಸೊನ್ನೆ. ಸೊನ್ನೆಗಳೇ ಜಾಸ್ತಿ! ಅರ್ಧ ಕ್ಯಾಲೆಂಡರು ನಮ್ಮ ಶಾಲೆ ಪುಸ್ತಕಗಳಿಗೆ ಬೈಂಡ್ ಆಗಿ ಹೋದವು. ಉಳಿದ ಒಂಬತ್ತನ್ನು ಜೋಪಾನ ಮಾಡಿದ್ದೇನೆ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಅಪ್ಪನ ಫೋನ್ ಕೆಟ್ಟಿತ್ತು, ಒಂದು ಅಂಗಡಿಗೆ ಕೊಟ್ಟೆ. ಎಲ್ಲ ಅಳಿಸಿ ಹೊಸದರ ಹಾಗೆ ಮಾಡಿಕೊಟ್ಟರು. "ಸದಾಶಿವಗಡದ ಹತ್ತಿರ ಇದ್ದೇನೆ, ಅನ್ನ ಇಡಲಿಕ್ಕೆ ಹೇಳು" ಅನ್ನುವ ವಾಟ್ಸ್ಆ್ಯಪ್ ದನಿಗಳೆಲ್ಲ ಹೋದವು. ಮೊದಲು ದನಿ ತೆಗೆದಿಟ್ಟುಕೊಳ್ಳಿ, ಆಮೇಲೆ ಉಳಿದದ್ದು.

ಯಲ್ಲಾಪುರದಿಂದ:

ಯಾರೂ ಹೇಳದ್ದೊಂದು. ಅಪ್ಪನ ಹೆಸರಲ್ಲಿ ಲೈಸೆನ್ಸ್ ಕೋವಿ ಇದ್ದರೆ ನೆನಪಿಗೆ ಅಂತ ಗೋಡೆಯಲ್ಲಿ ಬಿಡಬೇಡಿ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಅದನ್ನು ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಬೇಕು. ಮನೆಯವರಿಗೆ ಬೇಕಿದ್ದರೆ ತಮ್ಮ ಹೆಸರಲ್ಲಿ ಅರ್ಜಿ ಹಾಕಬಹುದು. ಅಟ್ಟದ ಮೇಲಿನ ಜಿಂಕೆ ಕೊಂಬಿಗೂ ಪತ್ರ ಇದೆಯಾ ನೋಡಿ. ಪತ್ರ ಇಲ್ಲದೆ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸ್ ಆಗುತ್ತದೆ. ನಾವು ಕೋವಿ ಒಪ್ಪಿಸಿ ಅಪ್ಪನ ಮೂರು ಸೆಲ್ಲಿನ ಬ್ಯಾಟರಿ ಇಟ್ಟುಕೊಂಡೆವು. ಕರೆಂಟ್ ಹೋದಾಗೆಲ್ಲ ಈಗಲೂ ಅದೇ.

ಕೇಳಿದವರು, ಶಿರಸಿ:

ಎಲ್ಲರಿಗೂ ಉಪಕಾರವಾಯಿತು. ಕೋವಿ ಇಲ್ಲ, ಪುಣ್ಯ. ಫೋನು ತಮ್ಮನ ಹತ್ತಿರ ಇದೆ, ಮುಟ್ಟಬೇಡ ಅಂದಿದ್ದೇನೆ. ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ಆಯಿಯನ್ನು ಕೇಳಿದೆ, ಅಪ್ಪ ಹೊಳೆಯಲ್ಲಿ ಎಲ್ಲಿ ಕೂರುತ್ತಿದ್ದರು ಅಂತ. "ಎಮ್ಮೆಕಲ್ಲ ಮೇಲೆ, ಮತ್ತೆಲ್ಲಿ?" ಅಂದಳು, ಇಡೀ ಊರಿಗೇ ಗೊತ್ತಿರುವ ಹಾಗೆ. ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ಭಾನುವಾರ ಮೂವರೂ ಹೋಗುತ್ತಿದ್ದೇವೆ. ಆಯಿಗೆ ಮಂಡಿನೋವು, ಆದರೂ ತಾನೇ ಬಂದು ತೋರಿಸುತ್ತಾಳಂತೆ.